ಎರಡು ಚೀಟಿಗಳ ಮೇಷ್ಟ್ರು

ಆಸ್ಪತ್ರೆಯೊಂದರ ಕೀರ್ತಿಯನ್ನು ಶಸ್ತ್ರವೈದ್ಯರ ಕೈಚಳಕದಿಂದ ಅಳೆಯುವುದು ಲೋಕರೂಢಿ. ಆ ಕೈಗೆ ಬರುವ ಕತ್ತರಿ, ಚಿಮುಟ, ಸೂಜಿಗಳು ಯಾರ ಹೊಣೆಯಲ್ಲಿ ಶುದ್ಧವಾದವೆಂದು ರೋಗಿ ಕೇಳುವುದಿಲ್ಲ, ವೈದ್ಯರೂ ಕೇಳುವುದಿಲ್ಲ. ಹಾಗೆ ಯಾರೂ ಕೇಳದಂತೆ ಮೂವತ್ತಾರು ವರ್ಷ ನೋಡಿಕೊಂಡವರು, ನೆಲಮಾಳಿಗೆಯ ಉಗಿಶುದ್ಧಿ ವಿಭಾಗದಿಂದ ಈಗ ನಿವೃತ್ತರಾಗುತ್ತಿರುವ ನಮ್ಮ ಹಿರಿಯರು. ಅವರು ಒಂದು ದಿನವೂ ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಆದರೂ ಕಾವಲುಗಾರರಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರಿಗೂ ಅವರು ಆವಿ ಮೇಷ್ಟ್ರು. ಅವರ ಕೈಕೆಳಗೆ ಪಳಗಿ, ಅವರಿಂದ ಬೈಸಿಕೊಂಡು, ಇಂದು ಅವರದೇ ಕುರ್ಚಿಯಲ್ಲಿ ಕೂರುವ ಧೈರ್ಯ ಮಾಡಿರುವ ನನಗೆ ಈ ಅಭಿನಂದನ ಸಂಪುಟದಲ್ಲಿ ನಾಲ್ಕು ಮಾತು ಬರೆಯುವ ಅವಕಾಶ ದೊರೆತದ್ದು ಹೆಮ್ಮೆಯ ಸಂಗತಿ.

ಅವರು ಸೇವೆಗೆ ಸೇರಿದ್ದು ಬಾಯ್ಲರ್ ಕೋಣೆಯ ಸಹಾಯಕರಾಗಿ. ಉಗಿ ಉತ್ಪಾದಿಸುವುದಷ್ಟೇ ಕೆಲಸವಾಗಿದ್ದಾಗ ಉಗಿಯೆಂದರೇನು ಎಂಬ ಗೀಳು ಅವರಿಗೆ ಹತ್ತಿತು. ಹಳೆಯ ಉಗ್ರಾಣದ ಮೂಲೆಯಲ್ಲಿ ಗಾಜಿನ ಬುರುಡೆ, ಪಾದರಸದ ಕೊಳವೆ ಜೋಡಿಸಿಕೊಂಡು, ಬಿಡುವಿದ್ದಾಗಲೆಲ್ಲ ನೀರಿನ ಆವಿಯ ಒತ್ತಡ ಅಳೆಯತೊಡಗಿದರು. ಮೊದಲು ಅಂಕಿಗಳೆಲ್ಲ ಹೆಚ್ಚಾಗಿ ಬಂದವು. ನೀರಿನಲ್ಲಿ ಕರಗಿದ ಗಾಳಿ ಹೊರಬಂದು ಆವಿಯ ಲೆಕ್ಕದಲ್ಲಿ ಸೇರಿಕೊಳ್ಳುತ್ತಿತ್ತು. ಮತ್ತೆ ಮತ್ತೆ ಕುದಿಸಿ ಗಾಳಿಯನ್ನು ಓಡಿಸಿದ ಮೇಲೆ ಅಂಕಿಗಳು ದಾರಿಗೆ ಬಂದವು: ಇಪ್ಪತ್ತು ಡಿಗ್ರಿಯಲ್ಲಿ ಪಾದರಸದ ಹದಿನೇಳೂವರೆ ಮಿಲಿಮೀಟರ್, ನೂರರಲ್ಲಿ ಏಳುನೂರ ಅರವತ್ತು. ಅಲ್ಲಿಂದ ಇಪ್ಪತ್ತೊಂದೇ ಡಿಗ್ರಿ ಮೇಲೇರಿದರೆ ಅದರ ಎರಡರಷ್ಟು. "ಬಿಸಿ ಒಂದೊಂದೇ ಮೆಟ್ಟಿಲು ಹತ್ತುತ್ತೆ, ಒತ್ತಡ ಹಾರ್ಕೊಂಡು ಹೋಗುತ್ತೆ" ಎಂಬುದು ಅವರ ಸಂಕ್ಷಿಪ್ತ ವ್ಯಾಖ್ಯಾನ. ಆ ಕೋಷ್ಟಕ ಇಂದಿಗೂ ನಮ್ಮ ಗೋಡೆಯ ಮೇಲಿದೆ. ನೂರು ಡಿಗ್ರಿಯವರೆಗಿನದು ಅವರ ಅಳತೆ, ನೀಲಿ ಶಾಯಿ. ಮೇಲಿನದು ಅಚ್ಚಾದ ಪುಸ್ತಕದಿಂದ ಇಳಿಸಿಕೊಂಡದ್ದು, ಕೆಂಪು ಶಾಯಿ. ತಾವು ಅಳೆಯದ್ದನ್ನು ತಮ್ಮದೆಂದು ತೋರಿಸಿಕೊಳ್ಳುವ ಅಭ್ಯಾಸ ಅವರಿಗೆ ಇರಲಿಲ್ಲ.

ಶುದ್ಧಿ ವಿಭಾಗಕ್ಕೆ ಮುಖ್ಯಸ್ಥರಾಗಿ ಬಂದಾಗ ಅವರು ತಂದ ಪದ್ಧತಿಯೇ ಎರಡು ಚೀಟಿ. ಯಂತ್ರದ ಮುಂಭಾಗದ ಒತ್ತಡಮಾಪಕವನ್ನು ಒಬ್ಬರು ಓದಿ ಬರೆಯಬೇಕು. ಹಿಂಭಾಗದಲ್ಲಿ, ಗಾಳಿ ಹೊರಹೋಗುವ ಕೊಳವೆಯ ಬಳಿಯ ಉಷ್ಣಮಾಪಕವನ್ನು ಇನ್ನೊಬ್ಬರು ಮೊಣಕಾಲೂರಿ ಓದಿ ಬರೆಯಬೇಕು. ಒಬ್ಬರ ಚೀಟಿ ಇನ್ನೊಬ್ಬರು ನೋಡಕೂಡದು. ಎರಡನ್ನೂ ಮೇಷ್ಟ್ರು ಕೋಷ್ಟಕದ ಪಕ್ಕ ಹಿಡಿಯುವರು. ಒಳಗೆ ಬರೀ ಉಗಿಯಿದ್ದರೆ ಹದಿನೈದು ಪೌಂಡ್ ಒತ್ತಡಕ್ಕೆ ನೂರಿಪ್ಪತ್ತೊಂದು ಡಿಗ್ರಿ ಇರಲೇಬೇಕು. ಗಾಳಿ ಉಳಿದಿದ್ದರೆ ಮಾಪಕದ ಮುಳ್ಳು ಹದಿನೈದನ್ನೇ ತೋರಿಸೀತು. ಆದರೆ ಅದರಲ್ಲೊಂದು ಪಾಲು ಗಾಳಿಯದು, ಅಷ್ಟರಮಟ್ಟಿಗೆ ಬಿಸಿ ಕಡಿಮೆ, ಕ್ರಿಮಿಗಳು ಹಾಯಾಗಿ ಬದುಕಿರುತ್ತವೆ. ಈ ಶಿಸ್ತು ಮನೆಯನ್ನೂ ಬಿಟ್ಟಿರಲಿಲ್ಲ. "ಗಾಳಿ ಪೂರ್ತಿ ಹೋಗ್ಲಿ, ಆಮೇಲೆ ವೆಯ್ಟ್ ಹಾಕು ಅಂತ ಕುಕ್ಕರ್ ಪಕ್ಕ ಕಾವಲು ನಿಲ್ತಾರೆ. ಅಡುಗೆ ರುಚಿ ಹೇಗಿದೆ ಅಂತ ಮಾತ್ರ ಒಂದಿನಾನೂ ಹೇಳಿಲ್ಲ" ಎಂದು ಅವರ ಶ್ರೀಮತಿಯವರು ನನ್ನೆದುರೇ ದೂರಿದ್ದುಂಟು.

ಇನ್ನು ನನ್ನ ಕಥೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರೆಯದಿದ್ದರೆ ಈ ಲೇಖನವೇ ಸುಳ್ಳಾಗುತ್ತದೆ. ನಾನು ತಾತ್ಕಾಲಿಕ ನೇಮಕದ ಐದನೆಯ ತಿಂಗಳಲ್ಲಿದ್ದೆ. ಆ ಹೊತ್ತಿಗೆ ಕೋಷ್ಟಕ ಪೂರ್ತಿ ಬಾಯಿಪಾಠವಾಗಿ, ಜಂಬ ತಲೆಗೇರಿತ್ತು. ಒಂದು ಬೆಳಿಗ್ಗೆ ಜೊತೆಯವಳು ಬರುವುದು ತಡವಾಯಿತು. ಶಸ್ತ್ರಚಿಕಿತ್ಸಾ ಕೊಠಡಿಯಿಂದ ಉಪಕರಣಗಳ ಡಬ್ಬಗಳಿಗೆ ಅವಸರದ ಕರೆ ಬಂದಿತು. ಮುಳ್ಳು ಹದಿನಾಲ್ಕೂವರೆ ತೋರಿಸುತ್ತಿತ್ತು. ಒಂದು ಚೀಟಿಯಲ್ಲಿ ಅದನ್ನು ಬರೆದೆ. ಮೊಣಕಾಲೂರಲು ಬೇಸರಪಟ್ಟು, ಇನ್ನೊಂದು ಚೀಟಿಯಲ್ಲಿ ನೆನಪಿನಿಂದಲೇ ನೂರಿಪ್ಪತ್ತು ಬಿಂದು ನಾಲ್ಕು ಎಂದು ಬರೆದೆ. ಡಬ್ಬಗಳ ಮೇಲೆ ಅಂಟಿಸಿದ, ಬಿಸಿಗೆ ಬಣ್ಣ ಬದಲಿಸುವ ಗುರುತುಪಟ್ಟಿಯೂ ಕಪ್ಪಾಗಿತ್ತು. ಅದು ಬಿಸಿ ತಗುಲಿತೆಂದಷ್ಟೇ ಹೇಳುತ್ತದೆ, ಸಾಕಷ್ಟು ತಗುಲಿತೆಂದಲ್ಲ ಎಂದು ಮೇಷ್ಟ್ರು ನೂರು ಸಲ ಹೇಳಿದ್ದು ನನಗೆ ಆಗ ಬೇಕಿರಲಿಲ್ಲ. ಮೇಷ್ಟ್ರು ಚೀಟಿ ನೋಡುವ ಮೊದಲೇ ಡಬ್ಬಗಳನ್ನು ಮೇಲಕ್ಕೆ ಕಳುಹಿಸಿ ಯಂತ್ರಕ್ಕೆ ಮುಂದಿನ ಸರದಿ ತುಂಬಿದೆ.

ಸ್ವಲ್ಪ ಹೊತ್ತಿಗೆ ಮೇಷ್ಟ್ರು ಬಂದು ಚೀಟಿಗಳನ್ನು ಕೈಗೆತ್ತಿಕೊಂಡರು.

"ಈ ಬಿಂದು ನಾಲ್ಕು ಎಲ್ಲಿಂದ ಬಂತಮ್ಮ? ನಮ್ಮ ಥರ್ಮಾಮೀಟರಿನಲ್ಲಿ ಡಿಗ್ರಿ ಗೆರೆ ಮಾತ್ರ ಇದೆ. ದಶಾಂಶ ಇರೋದು ಗೋಡೆ ಮೇಲೆ."

ಅವರು ನನ್ನ ಉತ್ತರಕ್ಕೆ ಕಾಯದೆ ಯಂತ್ರದ ಹಿಂದೆ ಹೋಗಿ ಮೊಣಕಾಲೂರಿದರು. ಮುಳ್ಳು ಹದಿನೈದರಲ್ಲಿತ್ತು, ಉಷ್ಣಮಾಪಕ ನೂರಹದಿಮೂರು ಎಂದಿತು. ಹೊರಕೊಳವೆಯ ಜಾಲರಿಗೆ ಬಟ್ಟೆಯ ನೂಲಿನ ಕಸ ಕಟ್ಟಿ, ಗಾಳಿ ಒಳಗೇ ಉಳಿದಿತ್ತು. ಅಂದರೆ ಮೇಲೆ ಹೋದ ಡಬ್ಬಗಳನ್ನೂ ನಂಬುವಂತಿರಲಿಲ್ಲ. ಅಲ್ಲಿ ಒಬ್ಬ ತಾಯಿಯನ್ನು ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಮೇಜಿನ ಮೇಲೆ ಮಲಗಿಸಿಯಾಗಿತ್ತು.

ಮೇಷ್ಟ್ರು ಮೂರು ಮಹಡಿ ಓಡಿಯೇ ಹತ್ತಿದರು, ಹಿಂದೆ ನಾನು. ಸಿಟ್ಟಿಗೆ ಹೆಸರಾದ ದೊಡ್ಡ ಡಾಕ್ಟರು ಬಾಗಿಲಿಗೆ ಬಂದರು. ಮೊದಲ ಡಬ್ಬ ಇನ್ನೂ ಬಿಚ್ಚಿರಲಿಲ್ಲ.

"ಗಂಟೆ ಎಷ್ಟು ನೋಡಿದ್ರಾ ಮೇಷ್ಟ್ರೇ? ಇನ್ನೇನು ಅರಿವಳಿಕೆ ಕೊಡಬೇಕು!"

"ಗಂಟೆ ನೋಡಿದೀವಿ ಸಾರ್, ಥರ್ಮಾಮೀಟರ್ ನೋಡಿಲ್ಲ. ಡಬ್ಬ ವಾಪಸ್ ಕೊಡಿ."

"ಯಾರದು ಈ ತಪ್ಪು?"

"ನಮ್ಮ ವಿಭಾಗದ್ದು. ವಿಭಾಗ ನನ್ನದು."

ಡಾಕ್ಟರ ಬಾಯಿಂದ ಅಂದು ಉದುರಿದ್ದನ್ನು ಅಭಿನಂದನ ಗ್ರಂಥದಲ್ಲಿ ಅಚ್ಚು ಹಾಕಲಾಗದು. ಮೇಷ್ಟ್ರು ಎಲ್ಲವನ್ನೂ ಕೇಳಿಸಿಕೊಂಡು, ಡಬ್ಬಗಳನ್ನು ಎದೆಗವಚಿಕೊಂಡು ಇಳಿದರು. ಜಾಲರಿ ತೊಳೆದು, ಎಲ್ಲವನ್ನೂ ಹೊಸದಾಗಿ ಶುದ್ಧಿಮಾಡಿ, ಎರಡು ಗಂಟೆ ತಡವಾಗಿ ಶಸ್ತ್ರಚಿಕಿತ್ಸೆ ನಡೆಯಿತು. ಆ ತಾಯಿ ಒಂಬತ್ತನೆಯ ದಿನ ನಡೆದುಕೊಂಡು ಮನೆಗೆ ಹೋದರು. ಅವರಿಗೆ ಇದಾವುದೂ ಗೊತ್ತಿಲ್ಲ.

ನನ್ನ ಕೆಲಸ ಹೋಯಿತೆಂದೇ ಅಂದುಕೊಂಡಿದ್ದೆ. ಮೇಷ್ಟ್ರು ದಿನಚರಿ ಪುಸ್ತಕ ತೆರೆದು ಪೆನ್ನು ಕೊಟ್ಟರು. "ಆದದ್ದನ್ನ ಆದಹಾಗೇ ನೀನೇ ಬರಿ" ಎಂದರು. ಅಳುತ್ತ ಬರೆದೆ. ಕೆಳಗೆ ನನ್ನ ಸಹಿಗಿಂತ ಮೊದಲು ತಮ್ಮ ಸಹಿ ಹಾಕಿದರು. ಆ ಪುಟವನ್ನು ಓದಿದ ನಿರ್ದೇಶಕರು ಮೇಷ್ಟ್ರ ಒಂದು ವರ್ಷದ ವೇತನಬಡ್ತಿ ತಡೆಹಿಡಿದು, ನನ್ನನ್ನು ಉಳಿಸಿದರು. ಬಡ್ತಿಯ ಸಂಗತಿ ನನಗೆ ತಿಳಿದದ್ದು ಆರು ವರ್ಷದ ನಂತರ, ಅದೂ ಶ್ರೀಮತಿಯವರಿಂದ. ಇಷ್ಟು ದೊಡ್ಡ ಉಪಕಾರವನ್ನು ಮುಚ್ಚಿಟ್ಟದ್ದಕ್ಕೆ ಮೇಷ್ಟ್ರ ಮೇಲೆ ನನಗೆ ಈಗಲೂ ಸಿಟ್ಟಿದೆ, ಪ್ರೀತಿ ಅದಕ್ಕಿಂತ ಹೆಚ್ಚಿದೆ. ಅಂದಿನಿಂದ ಇಂದಿನವರೆಗೆ ನಮ್ಮ ವಿಭಾಗದಿಂದ ನೋಡದ ಅಂಕಿ ಒಂದೂ ಹೊರಟಿಲ್ಲವೆಂದು ಎದೆತಟ್ಟಿ ಹೇಳಬಲ್ಲೆ.

ಕಳೆದ ವಾರ ಅವರ ಕೊನೆಯ ಪಾಳಿ. ಬೀಳ್ಕೊಡುಗೆಯ ನೆಪದಲ್ಲಿ ಒತ್ತಡದ ಚೀಟಿ ನಾನು, ಉಷ್ಣತೆಯ ಚೀಟಿ ಅವರು ಎಂದು ನಿಶ್ಚಯಿಸಿದೆವು. ಮುಳ್ಳು ಸರಿಯಾಗಿ ಹದಿನೈದರಲ್ಲಿ ನಿಂತಿತ್ತು. ಅವರು ಯಂತ್ರದ ಹಿಂದೆ ಮೊಣಕಾಲೂರಿ ಬಹಳ ಹೊತ್ತು ಕೂತರು. ಎದ್ದು ಬಂದು ಕೊಟ್ಟ ಚೀಟಿಯನ್ನು ಬಿಡಿಸಿದೆ. ಅದರಲ್ಲಿ ಅಂಕಿ ಇರಲಿಲ್ಲ. "ಕಾಣಿಸಲಿಲ್ಲ" ಎಂದು ಬರೆದಿತ್ತು. ಎರಡೂ ಕಣ್ಣಿಗೆ ಪೊರೆ ಬಂದಿರುವುದು ನಮಗಾರಿಗೂ ತಿಳಿದಿರಲಿಲ್ಲ. ನಾನು ಬಗ್ಗಿ ನೋಡಿದೆ: ನೂರಿಪ್ಪತ್ತೊಂದು. ಮೂವತ್ತಾರು ವರ್ಷ ಅವರ ನಾಲಿಗೆಯ ತುದಿಯಲ್ಲಿದ್ದ ಅಂಕಿ.

ಬರುವ ಸೋಮವಾರ ಅವರ ಕಣ್ಣಿನ ಶಸ್ತ್ರಚಿಕಿತ್ಸೆ, ನಮ್ಮ ಆಸ್ಪತ್ರೆಯಲ್ಲೇ. ಡಬ್ಬ ಹೋಗುವುದು ನಮ್ಮ ಯಂತ್ರದಿಂದಲೇ. ಅಂದು ಮೊಣಕಾಲೂರುವವಳು ನಾನು. ಹೆದರಿಕೆ ಇಲ್ಲವೇ ಎಂದು ಕೇಳಿದ್ದಕ್ಕೆ ಮೇಷ್ಟ್ರು ನಕ್ಕರು. "ಎರಡು ಚೀಟೀನೂ ಜೋಪಾನವಾಗಿಟ್ಟಿರು. ಕಣ್ಣು ಬಿಟ್ಟಮೇಲೆ ಮೊದಲು ಅದನ್ನೇ ಓದ್ತೀನಿ."

ಅವರು ಓದಲಿ. ನೂರು ವರ್ಷ ತುಂಬುವವರೆಗೂ ನಮ್ಮ ಚೀಟಿಗಳನ್ನು ಓದಿ, ತಪ್ಪು ಹುಡುಕಿ, ಬೈಯುತ್ತಲೇ ಇರಲಿ.