ವಾಚ್‌ಮನ್ನನ ವಾರದ ರಜೆ

ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ಗಂಟೆ ಹೊಡೆದು ಊಟ, ಗಂಟೆ ಹೊಡೆದು ನಿದ್ದೆ ಮಾಡಿಸಿದವಳು ನಾನು. ಹೇಳಿದ ಹೊತ್ತಿಗೆ ಹೇಳಿದ ಕೆಲಸ ಆಗದಿದ್ದರೆ ನನಗೆ ತಲೆ ಕೆಡುತ್ತದೆ. ಅಂಥವಳ ಕೊರಳಿಗೆ ಅಪ್ಪ ಕಡಕೊಳದ ಹತ್ತಿರದ ವೀಳ್ಯದೆಲೆ ತೋಟವನ್ನು ಕಟ್ಟಿ ಹೋದರು.

ಎಲೆಬಳ್ಳಿ ಮರದ ತುದಿ ಮುಟ್ಟಿದ ಮೇಲೆ ಅದನ್ನು ಇಳಿಸಬೇಕು. ಕಟ್ಟು ಬಿಚ್ಚಿ, ಕೆಳಗೆ ತಂದು, ಬುಡದಲ್ಲಿ ಸುರುಳಿ ಸುತ್ತಿ ಮಣ್ಣು ಮುಚ್ಚಿ, ತುದಿಯನ್ನು ಬಾಳೆನಾರಿನಿಂದ ಮತ್ತೆ ಮರಕ್ಕೆ ಕಟ್ಟಬೇಕು. ಇಳಿಸದೆ ಬಿಟ್ಟರೆ ಎಲೆ ಸಣ್ಣಗಾಗಿ ತೋಟವೇ ಹಾಳು. ಈ ಕೆಲಸ ಬಲ್ಲವನು ನಮ್ಮ ಕೂಲಿಯವರಲ್ಲಿ ಒಬ್ಬನೇ ಇದ್ದ. ಸರಿಯಾಗಿ ಇಳಿಸುವ ಕಾಲಕ್ಕೆ ಅವನು ಫ್ಯಾಕ್ಟರಿಯೊಂದರ ಗೇಟಿಗೆ ವಾಚ್‌ಮನ್ ಆಗಿ ಸೇರಿಕೊಂಡ.

ಸರಸ್ವತಿಪುರಂನ ನನ್ನ ಮನೆಯಿಂದ ಬೆಳಗಿನ ಬಸ್ಸು ಹಿಡಿದು ನೇರ ಆ ಗೇಟಿಗೇ ಹೋದೆ. ಟೋಪಿ, ಬೂಟು, ಕೂರಲು ಕುರ್ಚಿ ಬೇರೆ.

"ಏನೋ ಇದು? ಬಳ್ಳಿ ಇಳಿಸೋ ಕೈಗೆ ಲಾಠಿನಾ?"

"ಮಗಳಿಗೆ ಗಂಡು ನೋಡ್ತಾ ಇವ್ನಿ ಅಮ್ಮಾವ್ರೇ. ತೋಟದ ಕೂಲಿ ಅಂದ್ರೆ ಬಂದೋರು ಅಂಗೇ ಎದ್ದೋಯ್ತಾರೆ. ಕಂಪ್ನಿ ಅಂದ್ರೆ ಕಾಪಿ ಕುಡ್ದು ಕೂತ್ಕೋತಾರೆ."

"ಕಂಪ್ನೀಲಿ ನೀನು ಮಾಡೋದೇನು?"

"ಗೇಟ್ ತೆಗೀತೀನಿ, ಮುಚ್ತೀನಿ."

ಬೋಗಾದಿಯ ಕಟ್ಟಡ ಕೆಲಸದಿಂದ ಇಬ್ಬರನ್ನು ಕರೆತಂದೆ. ಒಬ್ಬ ಚಪ್ಪಲಿ ಮೆಟ್ಟಿಕೊಂಡೇ ನುಗ್ಗಿದ. ನಮ್ಮ ಕಡೆ ಎಲೆತೋಟಕ್ಕೆ ಹಾಗೆ ಯಾರೂ ಕಾಲಿಡುವುದಿಲ್ಲ. ಇನ್ನೊಬ್ಬ ಬಾವಿಯ ಹಗ್ಗ ಸೇದುವಂತೆ ಎಳೆದ. ಬಳ್ಳಿ ಗೆಣ್ಣಿನಲ್ಲೇ ಲಟಕ್ಕೆಂದಿತು. ಇಬ್ಬರನ್ನೂ ಮಧ್ಯಾಹ್ನದ ಊಟಕ್ಕೆ ಮೊದಲೇ ಕಳಿಸಿದೆ.

ಮತ್ತೆ ಅದೇ ಗೇಟಿಗೆ ಹೋಗಬೇಕಾಯಿತು. ವಾರದ ರಜೆಯಲ್ಲಿ ಬರಲು ಒಪ್ಪಿದ, ಒಂದು ಷರತ್ತಿನ ಮೇಲೆ: ಯಾರು ಕೇಳಿದರೂ ಅವನು ಕಂಪನಿಯವನು, ಕೂಲಿಯವನಲ್ಲ. ರಜೆಯ ದಿನವೂ ಯೂನಿಫಾರಂ ತೊಟ್ಟು, ಬೂಟಿಗೆ ಪಾಲಿಶ್ ಹಾಕಿ, ಊರೆಲ್ಲ ನೋಡಲೆಂದು ಬೀದಿಯಲ್ಲೇ ನಡೆದು ಬಂದ. ಬೇಲಿಯ ಹತ್ತಿರ ಬೂಟು ಬಿಟ್ಟು, ಪ್ಯಾಂಟು ಮಡಿಸಿ ಒಳಗೆ ಹೋದ.

ಅರ್ಧ ಸಾಲು ಆಗಿರಲಿಲ್ಲ, ಅವನ ಮಗಳಿಗೆ ನೋಡಿದ್ದ ಗಂಡಿನ ಸೋದರಮಾವ ಬೈಕಿನಲ್ಲಿ ಅವನನ್ನು ಹುಡುಕಿಕೊಂಡು ಬಂದರು. ಬಳ್ಳಿ ಸಂದಿಯಿಂದ ಇವನು ನನ್ನ ಕಡೆ ನೋಡಿದ ನೋಟ ದೇವರಿಗೇ ಪ್ರೀತಿ.

"ರಜೆ ಅಂತ ನಮ್ಮ ತೋಟ ನೋಡೋಕೆ ಬಂದಿದ್ದಾರೆ. ಕೂತ್ಕೊಳ್ಳಿ, ಕರೀತೀನಿ," ಎಂದೆ.

ನಾನು ಒಳಗೆ ಹೋದದ್ದೇ ತಡ, ಅವನು ಅರ್ಧ ಇಳಿದ ಬಳ್ಳಿಯನ್ನು ನನ್ನ ಕೈಗೆ ಹಿಡಿಸಿದ. ಕೈಕಾಲು ತೊಳೆದು, ಬೂಟು ಹಾಕಿಕೊಂಡು, ಪಂಪ್‌ಹೌಸಿನ ನೆರಳಲ್ಲಿ ನೆಂಟರ ಪಕ್ಕ ಕೂತ. ನನ್ನ ಫ್ಲಾಸ್ಕಿನ ಕಾಫಿಯನ್ನು ಇಬ್ಬರೂ ಹಂಚಿಕೊಂಡರು. ನಾನು ಕಂಬದಂತೆ ನಿಂತಿದ್ದೆ. ಕೈ ಸೋತು ಬಳ್ಳಿಯನ್ನು ಚೂರು ಬಗ್ಗಿಸಿದೆ.

"ಅಂಗಲ್ಲ ಕಣಮ್ಮ! ಗೆಣ್ಣು ಮುರ್ದೋಯ್ತದೆ!"

ಬೇಲಿಯ ಹತ್ತಿರ ಬೂಟು ಕಿತ್ತೆಸೆದು ಓಡಿಬಂದ. ಸೋದರಮಾವ ಎದ್ದು ಬಂದು, ಅವನು ಮಣ್ಣಲ್ಲಿ ಕುಕ್ಕರಗಾಲಲ್ಲಿ ಕೂತು ಸುರುಳಿ ಸುತ್ತುವುದನ್ನು ಆಚೆಯಿಂದಲೇ ನೋಡಿದರು. ಮುಗಿಯಿತು ಈ ಸಂಬಂಧ ಅಂದುಕೊಂಡೆ.

"ನಿಮಗೆ ಇದೂ ಬತ್ತದಾ? ನಮ್ಮ ತೋಟದ ಬಳ್ಳಿ ಇಳಿಸೋಕೆ ಒಂದು ನರಪಿಳ್ಳೆ ಸಿಕ್ತಿಲ್ಲ ಕಣ್ರೀ. ಮುಂದಿನ ರಜೆ ಯಾವತ್ತು?"

ಮಾತುಕತೆ ಅಲ್ಲೇ ಗಟ್ಟಿಯಾಯಿತು. ಮುಂದಿನ ವಾರದ ರಜೆ ಬೀಗರ ತೋಟಕ್ಕೆ ಹೋಯಿತು, ಅದರ ಮುಂದಿನದೂ. "ಬೀಗ್ರಿಗೆ ಎಂಗೆ ಇಲ್ಲ ಅನ್ನಲಿ?" ಎಂದು ನನ್ನನ್ನೇ ಕೇಳುತ್ತಾನೆ. ಇಳಿಯದ ನನ್ನ ಬಳ್ಳಿಗಳು ಮರದ ತುದಿ ದಾಟಿ ಜೋತಾಡುತ್ತಿವೆ.

ಮದುವೆಗೆ ಎಲೆ ಮಾತ್ರ ನನ್ನ ತೋಟದ್ದೇ ಆಗಬೇಕಂತೆ.