ಹುಳಿ ಹಾಕದ ಪತ್ರೊಡೆ

ಸುಮತಿ ಮೇಡಂ ಪತ್ರೊಡೆಯನ್ನು ತಿನ್ನುತ್ತಿರಲಿಲ್ಲ, ಬಿಡಿಸುತ್ತಿದ್ದರು. ಕುಂದಾಪುರದ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಡಬ್ಬಿ ತೆರೆದು, ಕೆಸುವಿನ ಎಲೆ, ಅಕ್ಕಿಹಿಟ್ಟು, ಮತ್ತೆ ಎಲೆ ಎಂದು ಪದರಗಳನ್ನು ಉಗುರಿನಿಂದ ಎಬ್ಬಿಸುತ್ತ, ಕನ್ನಡ ಕಲಿಸುವ ನನಗೆ ಭೌತಶಾಸ್ತ್ರ ಹೇಳುತ್ತಿದ್ದರು.

"ಕಾಣಿ ಮೇಷ್ಟ್ರೇ, ಎರಡ್ ಬದಿ ಎಲೆ ಸೂಪರ್‌ಕಂಡಕ್ಟರ್. ಸಮಾ ತಂಪಲ್ ಇಟ್ರೆ ಅಲ್ಲಿ ಎಲೆಕ್ಟ್ರಾನು ಜೋಡಿಯಾಯೇ ಹೋಪುದ್, ತಡೆಯೇ ಇಲ್ಲ. ನಡು ಹಿಟ್ಟ್ ಅಯಸ್ಕಾಂತ. ಅದಕ್ಕೆ ಜೋಡಿ ಕಂಡ್ರೆ ಆತಿಲ್ಲ. ದಪ್ಪ ಆರೆ ಜೋಡಿ ತುಂಡ್. ತೆಳು ಇದ್ರೆ ಹ್ಯಾಂಗೋ ದಾಟುತ್ತ್. ಒಂದ್ ಹದ ದಪ್ಪಕ್ಕೆ ಮಾತ್ರ ಕರೆಂಟೇ ತಿರುಗಿ ಹರೀತ್ತ್."

ಆ ತಿರುಗುವಿಕೆಯನ್ನು ತೊಂಬತ್ತರ ದಶಕದ ಕೊನೆಗೆ, ದೂರದ ಪ್ರಯೋಗಾಲಯವೊಂದರಲ್ಲಿ ಅವರೇ ಅಳೆದಿದ್ದರು. ಮಾರ್ಗದರ್ಶಕರು ನಕ್ಕು, ತಂತಿ ತಿರುಗಿಸಿ ಜೋಡಿಸಿದ್ದೀಯ ಅಂದರಂತೆ. ಮೇಡಂ ಊರಿಗೆ ಮರಳಿದ ಮೇಲೆ ಅದೇ ಅಳತೆ ಆ ಮಾರ್ಗದರ್ಶಕರೊಬ್ಬರದೇ ಹೆಸರಿನಲ್ಲಿ ಅಚ್ಚಾಯಿತು. ಇದನ್ನು ಅಳುತ್ತ ಹೇಳಿದರೆಂದು ಬರೆದರೆ ಓದಲು ಚೆನ್ನ. ಅವರು ಅಳಲಿಲ್ಲ, ಎಲೆ ಸುಲಿಯುತ್ತಿದ್ದರು.

ಕೆಲವು ವರ್ಷಗಳ ನಂತರ ಆ ದೊಡ್ಡವರು ಅದೇ ವಿಷಯದ ಉಪನ್ಯಾಸಕ್ಕೆ ನಮ್ಮ ಕಾಲೇಜಿಗೇ ಬಂದರು. ಅತಿಥಿಗೆ ಪತ್ರೊಡೆ ನಾನು ತರುತ್ತೇನೆ ಎಂದರು ಮೇಡಂ. ಕೆಸುವಿಗೆ ಹುಣಸೆಹುಳಿ ಬೀಳದಿದ್ದರೆ ಗಂಟಲು ತುರಿಸುತ್ತದೆ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಇದು ತಿಳಿಯದ ಅಡುಗೆಮನೆಯಿಲ್ಲ. ನಮಗೆಲ್ಲ ಕ್ಯಾಂಟೀನಿನ ಊಟ, ಪತ್ರೊಡೆ ಅವರೊಬ್ಬರಿಗೆ. ಹೊಗಳಿ ತಿಂದರು. ವೇದಿಕೆ ಹತ್ತುವಾಗಲೇ ಗಂಟಲು ಸವರಿಕೊಳ್ಳುತ್ತಿದ್ದರು. ತಾವು ಕಂಡುಹಿಡಿದದ್ದು ಎನ್ನುವಷ್ಟರಲ್ಲಿ ಕೆಮ್ಮು. ನೀರು. ಮತ್ತೆ ಕೆಮ್ಮು.

ಮೇಡಂ ಎದ್ದು ಹೋಗಿ ಅವರ ಕೈಯಿಂದ ಚಾಕ್ ತೆಗೆದುಕೊಂಡರು.

"ನೀವ್ ಕೂಕಣಿ ಸರ್. ತಂತಿ ನಾ ಜೋಡಿಸ್ತೆ."

ಉಳಿದ ಉಪನ್ಯಾಸವನ್ನು ತಮ್ಮ ಅಳತೆಗಳೊಂದಿಗೆ ಅವರೇ ಮುಗಿಸಿದರು. ಆ ಮನುಷ್ಯ ಮುಂದಿನ ಸಾಲಿನಲ್ಲಿ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಪೂರ್ತಿ ಕೇಳಿದ.

ರಸಾಯನಶಾಸ್ತ್ರದ ಮೇಷ್ಟ್ರು ಇದನ್ನು ಒಪ್ಪುವುದಿಲ್ಲ. ಅತಿಥಿಗೆ ಮೊದಲೇ ಶೀತವಿತ್ತು, ಪತ್ರೊಡೆಯಲ್ಲಿ ಹುಳಿಯೂ ಇತ್ತು ಅನ್ನುತ್ತಾರೆ. ಇಷ್ಟು ಅಚ್ಚುಕಟ್ಟಾದ ನೆನಪನ್ನು ನಾನೂ ನಂಬುವವನಲ್ಲ. ಅದಕ್ಕೇ, ಕಾಯಿಲೆ ಬಿದ್ದಿದ್ದ ಮೇಡಂ ಅವರನ್ನು ಬ್ರಹ್ಮಾವರದ ಮನೆಯಲ್ಲಿ ಕೊನೆಯ ಸಲ ಕಂಡಾಗ, ಅವತ್ತು ಹುಳಿ ಮರೆತಿದ್ದಿರಾ ಎಂದು ಕೇಳಿಯೇಬಿಟ್ಟೆ.

"ಮರೂಕೆ ನಾನೆಂತ ಅವ್ರಾ, ಮೇಷ್ಟ್ರೇ?"

ಮೇಡಂ ಹೋದರು. ಮೊನ್ನೆ ಆ ಮನುಷ್ಯನೂ ಹೋದ. ಪತ್ರಿಕೆಯ ಶ್ರದ್ಧಾಂಜಲಿಯಲ್ಲಿ ಆ ಅಳತೆ ಇನ್ನೂ ಅವನದೇ; ಸುಮತಿ ಎಂಬ ಹೆಸರಿಲ್ಲ.

ಅವನ ಹೆಸರು ನನಗೆ ಚೆನ್ನಾಗಿ ಗೊತ್ತು. ಇಲ್ಲಿ ಬರೆಯುವುದಿಲ್ಲ.