ಗೋಡೆಯ ಮೇಲಿನ ಎರಡು ಪೆನ್ಸಿಲ್ ಗುರುತು

ಫಿಟ್ಟರ್ ಕಾಕಾನ ಬಲಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಎಂದೋ ಮಗ್ಗದ ಗಾಲಿಗೆ ಸಿಕ್ಕು ಹೋಗಿತ್ತಂತೆ. ಉಗುರಿದ್ದ ಜಾಗ ನುಣ್ಣಗೆ, ತುಸು ತಗ್ಗಾಗಿ, ವಿಭೂತಿ ಬಟ್ಟಲಿನ ಹಾಗೆ ಕಾಣುತ್ತಿತ್ತು. ಸ್ಕ್ರೂಡ್ರೈವರ್ ಕೊಳ್ಳುವಾಗ ಅದರ ತುದಿಯನ್ನು ಆ ತಗ್ಗಿಗೆ ಒತ್ತಿ, ಕಣ್ಣು ಮುಚ್ಚಿ ತಿರುಗಿಸುತ್ತಿದ್ದರು. ತುದಿ ಮೊಂಡೋ ಚೂಪೋ ಎಂಬುದು ಅವರಿಗೆ ಅಲ್ಲಿಯೇ ತಿಳಿಯುತ್ತಿತ್ತು.

ಬನಹಟ್ಟಿಯಲ್ಲಿ ನಮ್ಮ ಎದುರು ಮನೆ ಅವರದು. ರಕ್ತಸಂಬಂಧವಲ್ಲ. ಆದರೂ ನಾನು ಮದುವೆಯಾಗಿ ಬಂದ ದಿನದಿಂದ ಕಾಕಾ ಎಂದೇ ಕರೆದೆ, ಅವರು ನನ್ನನ್ನು ಯವ್ವಾ ಎಂದರು. ಪವರ್‌ಲೂಮ್ ಫಿಟ್ಟರ್. ಯಾರ ಮಗ್ಗ ನಿಂತರೂ ಕಾಕಾ ಬರಬೇಕು. ಅವರು ದುಡಿಯುತ್ತಿದ್ದ ಶೆಡ್ಡಿನ ಮಗ್ಗಗಳೆಲ್ಲ ಗುಜರಿಗೆ ಹೋದ ಮೇಲೆ ಕೈ ಖಾಲಿಯಾಯಿತು. ಆಗಲೇ ನಮ್ಮ ಊರುಗಳಿಗೂ ರಟ್ಟಿನ ಪೆಟ್ಟಿಗೆಯೊಳಗೆ ಬಿಡಿಬಿಡಿಯಾಗಿ ಬರುವ ಕಪಾಟು, ಟೇಬಲ್ಲುಗಳ ಕಾಲ ಬಂತು. ಮನೆಯಲ್ಲಿ ಕೂತು ಜೋಡಿಸಿಕೊಳ್ಳಬೇಕು.

ನಾವೂ ಒಂದು ತರಿಸಿದೆವು. ನಮ್ಮವರು ಮಗ್ಗದ ಪಾನಾ ಹಿಡಿದು ಕೂತರು. ನೇಕಾರರ ಮನೆಯಲ್ಲಿ ಏನು ಬಿಗಿಯುವುದಿದ್ದರೂ ಅದೇ ಪಾನಾ, ತೋಳಿನ ಬಲವೂ ಅಷ್ಟೇ. ಮಗ್ಗ ನಡುಗುವ ಯಂತ್ರ, ಸಡಿಲ ಬಿಟ್ಟರೆ ಸಂಜೆಯೊಳಗೆ ಬೋಲ್ಟು ಉದುರುತ್ತದೆ. ಹಾಗಾಗಿ ಉಸಿರು ಕಟ್ಟಿ ಬಿಗಿಯುವುದೇ ರೂಢಿ. "ಇನ್ನೊಂದ ಸುತ್ತ ಹಾಕಿದ್ರ ಗಟ್ಟಿ ಆಕ್ಕೈತಿ" ಎಂದು ಅವರು ತಿರುಗಿಸಿದರು ನೋಡಿ, ಹಲಗೆ ಕರಕ್ ಎಂದು ಉಬ್ಬಿ ತೂತಿನಿಂದ ಪುಡಿ ಸುರಿಯಿತು.

ಸದ್ದು ಕೇಳಿ ಕಾಕಾ ಬಾಗಿಲಿಗೆ ಬಂದರು. "ಏನೋ ಸಾವಕಾರ, ಕಪಾಟ ಕಟ್ಟಾಕತ್ತೀಯೋ, ಮಗ್ಗ ಕಟ್ಟಾಕತ್ತೀಯೋ?"

"ಕಟಿಗೀನ ಛಲೋ ಇಲ್ಲ ಕಾಕಾ."

"ಇದು ಕಟಿಗಿ ಅಲ್ಲಲೇ, ಕಟಿಗಿ ಹೊಟ್ಟು. ಹೊಟ್ಟಿನ ಕೂಡ ಕುಸ್ತಿ ಹಿಡೀತಾರೇನ? ಎರಡ ಬೆರಳಿನ ಬಲ ಸಾಕು. ಕೈ ತಾನ ನಿಂತಲ್ಲಿ ನೀನೂ ನಿಂದ್ರು."

ಕೆಟ್ಟ ತೂತಿಗೆ ಕಡ್ಡಿಪೆಟ್ಟಿಗೆಯ ಕಡ್ಡಿಗಳನ್ನು ಅಂಟು ಹಚ್ಚಿ ತುಂಬಿ ಒಣಗಲು ಬಿಟ್ಟರು. ನಾನು ಮೊಬೈಲಿನಲ್ಲಿ ನಲವತ್ತು ಸಾಮಾನಿನ ಹತಾರದ ಪೆಟ್ಟಿಗೆ ತೋರಿಸಿ, ಇದನ್ನು ತರಿಸಲೇ ಎಂದೆ.

"ನಾಲ್ವತ್ತು ಸಾಮಾನು ಅದಾವು ಖರೆ. ನಿನಗ ಕೈ ಎರಡ ಅದಾವಲ್ಲ ಯವ್ವಾ" ಎಂದು ನಕ್ಕರು.

ಮರುದಿನ ನನ್ನನ್ನೇ ಪೇಟೆಗೆ ಕರೆದೊಯ್ದರು. ಹನ್ನೆರಡು ಸ್ಕ್ರೂಡ್ರೈವರ್ ತೆಗೆಸಿ ಹೆಬ್ಬೆರಳಿಗೆ ಒತ್ತಿ ನೋಡಿದರು. ಆಮೇಲೆ ತುದಿಗೆ ಒಂದು ಸ್ಕ್ರೂ ಸಿಕ್ಕಿಸಿ, ಅಡ್ಡ ಹಿಡಿದು, ಅದು ಬೀಳದೆ ನಿಲ್ಲುತ್ತದೋ ಎಂದು ಪರೀಕ್ಷಿಸಿದರು. ತುದಿ ಸ್ಕ್ರೂವಿನ ತಲೆಯೊಳಗೆ ತುಂಬಿ ಕೂರಬೇಕು, ಆಡಿದರೆ ತಲೆ ಸವೆಯುತ್ತದೆ ಎಂದರು. ಅಂಗಡಿಯವನಿಗೆ ಬೇಸರ ಬಂತು.

"ಕಾಕಾ, ಸ್ಕ್ರೂಡ್ರೈವರ್ ತಗೋಳಾಕ ಬಂದೀರೋ, ಹೆಣ್ಣ ನೋಡಾಕ ಬಂದೀರೋ?"

"ಹೆಣ್ಣ ನೋಡಾಕ ಹೋದಾಗೂ ನಾ ಇಷ್ಟೊತ್ತ ನೋಡಿಲ್ಲಪಾ!"

ಒಂದು ಸ್ಕ್ರೂಡ್ರೈವರ್, ಒಂದು ರಬ್ಬರ್ ಸುತ್ತಿಗೆ, ಮೂಲೆ ನೆಟ್ಟಗಿದೆಯೇ ಎಂದು ನೋಡಲು ಒಂದು ಗುಣಿಯಾ. ಅಷ್ಟೇ ಕೊಡಿಸಿದರು. ಕಪಾಟಿನ ಪೆಟ್ಟಿಗೆಯಲ್ಲಿ ಬಂದಿದ್ದ, ಬೋಲ್ಟು ತಿರುಗಿಸುವ ಬಾಗಿದ ಗಿಡ್ಡ ಕೀಲಿಯನ್ನು ನಾನು ಎಸೆಯಹೋದರೆ ತಡೆದರು. "ಗಿಡ್ಡ ಐತಿ ಅಂತನ ಅದು ಛಲೋ. ಉದ್ದಂದು ಹಿಡದ್ರ ಬಲ ಹೆಚ್ಚಾಗಿ ಮುರೀತೈತಿ. ಡ್ರಿಲ್ ಕೊಳ್ಳಬ್ಯಾಡ, ನಂದ ಐತಿ." ಕಪಾಟು ನಿಲ್ಲಿಸಿದ ಮೇಲೆ ಗೋಡೆಗೆ ಎರಡು ತೂತು ಹೊಡೆದು, ಪ್ಲಾಸ್ಟಿಕ್ ಗಿಟ್ಟಿ ಕೂರಿಸಿ, ಕಪಾಟಿನ ಬೆನ್ನನ್ನು ಗೋಡೆಗೆ ಬಿಗಿದರು. ಅದಾಗದೆ ಕೆಲಸ ಮುಗಿಯಿತು ಎನ್ನುವವರಲ್ಲ.

ನಾನೇ ನಾಲ್ಕು ಮನೆಗೆ ಹೇಳಿದೆ. ಕಾಕಾಗೆ ಮತ್ತೆ ಕೆಲಸ ಸಿಕ್ಕಿತು. ಜಮಖಂಡಿಯ ಒಂದು ಫರ್ನಿಚರ್ ಅಂಗಡಿಯವರೂ ಕರೆಯತೊಡಗಿದರು. ಹೆಗಲಿಗೆ ಚೀಲ ಹಾಕಿಕೊಂಡು ಬಸ್ಸಿಗೆ ಹೊರಟಾಗ ಅವರ ನಡಿಗೆಯೇ ಬೇರೆಯಾಗಿತ್ತು. ಶಿವ ದೊಡ್ಡವನು ಎಂದುಕೊಂಡೆ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಮುಧೋಳಕ್ಕೂ ಕರೆದುಕೊಂಡು ಹೋದೆ.

ಮುಧೋಳದಲ್ಲಿ ನಮ್ಮವರ ಅಕ್ಕ ಇದ್ದಾರೆ. ತಾಯಿ ಹೋದ ಮೇಲೆ ತಮ್ಮನನ್ನು ಸಾಕಿದವರು. ಅವರೆದುರು ನಮ್ಮವರೇ ದನಿ ಎತ್ತುವುದಿಲ್ಲ. ಅವರು ತರಿಸಿದ್ದು ಎತ್ತರದ, ಮೇಲೆ ಕನ್ನಡಿಯಿದ್ದ, ಮೂರು ಡ್ರಾಯರಿನ ಕಪಾಟು. ಕಾಕಾ ಮಧ್ಯಾಹ್ನದೊಳಗೆ ಜೋಡಿಸಿ, ಗೋಡೆಗೆ ಪೆನ್ಸಿಲಿನಿಂದ ಎರಡು ಕಡೆ ಅಡ್ಡಗೆರೆ ಹಾಕಿ ಡ್ರಿಲ್ ಎತ್ತಿದರು.

"ಏ, ಏ! ಮೊನ್ನೆರ ಬಣ್ಣಾ ಹೊಡಸೀವಿ. ಗ್ವಾಡಿಗೆ ತೂತು ಗೀತು ಬ್ಯಾಡ" ಎಂದರು ಅಕ್ಕ.

"ಬಿಗೀಲಿಲ್ಲಂದ್ರ ಇದು ನಿಂದ್ರೂದಿಲ್ರಿ ಅಕ್ಕಾರ. ಮೂರೂ ಡ್ರಾಯರ್ ಒಮ್ಮೆ ಜಗ್ಗಿದ್ರ ಮುಂದ ಬೀಳತೈತ್ರಿ."

"ಮೂರೂ ಒಮ್ಮೆ ಯಾರ ಜಗ್ಗತಾರೋ ಮಾರಾಯಾ?"

ಕಾಕಾ ನನ್ನ ಮುಖ ನೋಡಿದರು. ನಾನು ಚಹದ ಕಪ್ಪು ಎತ್ತಿಕೊಂಡು ಒಳಗೆ ಹೋದೆ. ಬಸ್ಸಿನಲ್ಲಿ ಬರುವಾಗ ಹೇಳಿದರು: "ಗುರುತ ಹಾಕಿ ಬಂದೇನಿ. ಸಾವಕಾಶ ನೀನ ಒಂದ ಮಾತ ಹೇಳ ಯವ್ವಾ. ನಿನ್ನ ಮಾತ ಕೇಳ್ಯಾರು." ಹೂಂ ಎಂದೆ. ಹೇಳಲಿಲ್ಲ.

ಶ್ರಾವಣದಲ್ಲಿ ಅದು ಬಿತ್ತು. ಅಕ್ಕ ಸೀರೆ ಹುಡುಕುತ್ತ ಮೂರೂ ಡ್ರಾಯರ್ ಎಳೆದಿದ್ದರು. ಅವರ ಕಾಲಿಗೆ ಏನೂ ಆಗಲಿಲ್ಲ, ಒಂದು ಗೇಣಿನಲ್ಲಿ ತಪ್ಪಿತು, ಶಿವನ ಕೃಪೆ. ನಾವು ಹೋದಾಗ ಕನ್ನಡಿ ಚೂರುಚೂರಾಗಿತ್ತು. ಕಪಾಟು ಬೋರಲು ಬಿದ್ದಿತ್ತು, ಹಿಂದಿನ ಗೋಡೆ ಬಯಲಾಗಿತ್ತು. ಹೊಸ ಬಣ್ಣದ ಮೇಲೆ ಎರಡು ಪೆನ್ಸಿಲ್ ಗುರುತು ಎಲ್ಲರ ಕಣ್ಣೆದುರಿಗೇ ಇದ್ದವು.

"ಮಗ್ಗದ ಫಿಟ್ಟರ್ ಕೈಯಾಗ ಕಪಾಟ ಕೊಟ್ರ ಮತ್ತೇನಾಕ್ಕೈತಿ? ಜೀವ ಹೋಗತಿತ್ತು ನಂದು!" ಅಕ್ಕ ಬಂದವರಿಗೆಲ್ಲ ಹೇಳಿದರು. "ಕರಕೊಂಡ ಬಂದಾಕಿನೂ ಇಲ್ಲೇ ಅದಾಳ, ಕೇಳ್ರಿ." ಎಲ್ಲರೂ ನನ್ನತ್ತ ತಿರುಗಿದರು. ನಾನು ಗೋಡೆ ನೋಡಿದೆ. ಆಮೇಲೆ ಬಗ್ಗಿ ಕನ್ನಡಿ ಚೂರು ಆರಿಸತೊಡಗಿದೆ.

ಮಾತು ಮುಧೋಳದಿಂದ ಜಮಖಂಡಿಗೆ ಹೋಗಲು ಹೆಚ್ಚು ದಿನ ಬೇಕಾಗಲಿಲ್ಲ. ಅಂಗಡಿಯವರು ಕಾಕಾನನ್ನು ಕರೆಯುವುದು ಬಿಟ್ಟರು, ಮನೆಗಳವರೂ ಬಿಟ್ಟರು. ಕಾಕಾ ನನ್ನ ಬಾಗಿಲಿಗೆ ಬಂದು ಒಂದು ಮಾತು ಕೇಳಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ದಸರೆಯಲ್ಲಿ ಬನ್ನಿ ಕೊಡಲು ಮಾತ್ರ ಬಂದರು. ಆ ದಿನ ಮಾತು ಬಿಟ್ಟವರೂ ಬನ್ನಿ ಎಲೆ ಕೊಟ್ಟು ಒಂದಾಗುವುದು ನಮ್ಮ ಕಡೆಯ ರೂಢಿ. ನಾನು ತಲೆ ಎತ್ತದೆ ಕಾಲಿಗೆ ಬಿದ್ದೆ. ಅವರು ಎಲೆಯನ್ನು ನನ್ನ ಅಂಗೈಯಲ್ಲಿಟ್ಟು, ಒಳಗೆ ಕಪಾಟಿನ ಕಡೆ ಕಣ್ಣು ಹಾಯಿಸಿ, "ನಿಮ್ದು ಗಟ್ಟಿ ಐತಿಲ್ಲ ಯವ್ವಾ? ನೋಡಕೋತ ಇರ್ರಿ" ಎಂದರು. ನನಗೆ ಸಿಕ್ಕ ಕ್ಷಮೆ ಅದೇ ಇರಬೇಕು. ಅಥವಾ ಅದು ಕ್ಷಮೆ ಅಲ್ಲದಿರಬಹುದು. ಲಿಂಗಪೂಜೆಗೆ ಕೂತಾಗ ಇವತ್ತಿಗೂ ಯೋಚಿಸುತ್ತೇನೆ.

ಮುಂದಿನ ದಸರೆಗೆ ಅವರು ಇರಲಿಲ್ಲ. ಮೂರು ದಿನದ ಜ್ವರ, ಅಷ್ಟೇ. ಅವರ ಹೆಂಡತಿ ಕಾಕು ಹತಾರದ ಚೀಲವನ್ನು ಗುಜರಿಗೆ ಕೊಡುವ ಮೊದಲು ಒಂದು ಸ್ಕ್ರೂಡ್ರೈವರ್ ತಂದು ನನ್ನ ಕೈಗಿಟ್ಟರು. ಕಾಕು ಇನ್ನೂ ನನ್ನೊಡನೆ ಮಾತಾಡುತ್ತಾರೆ. ಅದನ್ನೂ ಶಿವನ ಕೃಪೆಯ ಲೆಕ್ಕಕ್ಕೇ ಹಾಕಿಕೊಂಡಿದ್ದೇನೆ. ದಸರೆಯಲ್ಲಿ ಹತಾರ ಪೂಜಿಸುವ ಖಂಡೆಪೂಜೆಯ ದಿನ ನಮ್ಮವರ ಪಾನಾಗಳ ಪಕ್ಕದಲ್ಲಿ ಅದನ್ನಿಟ್ಟು ವಿಭೂತಿ ಹಚ್ಚುತ್ತೇನೆ.

ಹೋದ ತಿಂಗಳು ಮುಧೋಳಕ್ಕೆ ಹೋಗಿದ್ದೆ. ಅದೇ ಕಪಾಟು, ಹೊಸ ಕನ್ನಡಿ. ಪಕ್ಕದ ಸಂದಿಯಲ್ಲಿ ಇಣುಕಿದೆ. ಯಾರೋ ಬೇರೆಯವರು ಗೋಡೆಗೆ ಬಿಗಿದಿದ್ದಾರೆ. ತಿರುಪಿನ ಸುತ್ತ ಪೆನ್ಸಿಲ್ ಗೆರೆಯ ತುದಿಗಳು ಇನ್ನೂ ಕಾಣುತ್ತಿದ್ದವು. ಕಾಕಾ ಗುರುತು ಹಾಕಿದಲ್ಲಿಯೇ ಹೊಡೆದಿದ್ದರು. ಧೈರ್ಯ ಮಾಡಿದೆ.

"ಅಕ್ಕಾರ, ಇದು ಕಾಕಾ ಹೇಳಿದ ಜಾಗಾ ಐತ್ರಿ."

"ಯಾವ ಕಾಕಾ?"

"ನಮ್ಮ ಎದರಮನಿ ಫಿಟ್ಟರ್ ಕಾಕಾರಿ. ಅವತ್ತ ಅವರು ಬಿಗೀತೇನಿ ಅಂದ್ರು, ನೀವ ಬ್ಯಾಡ ಅಂದ್ರಿ. ನಾ ಇಲ್ಲೇ ನಿಂತಿದ್ನಿ."

ಅಕ್ಕ ನನ್ನ ಕಪ್ಪನ್ನು ಮುಂದೆ ಸರಿಸಿದರು. "ಹೌದೇನ? ಇರಬೇಕು ಬಿಡು. ಚಾ ಆರತೈತಿ, ಕುಡಿ" ಎಂದರು.

ಕುಡಿದೆ. ಮನೆಗೆ ಬಂದು ನಮ್ಮ ಕಪಾಟನ್ನು ಎರಡೂ ಕೈಯಿಂದ, ಇದ್ದಬದ್ದ ಬಲವೆಲ್ಲ ಹಾಕಿ ಮುಂದಕ್ಕೆ ಜಗ್ಗಿದೆ. ಅದು ಅಲುಗಲಿಲ್ಲ.